ಹಲಗೆಯ ಮೇಲಿದ್ದ ಟವೆಲ್ ತೆಗೆದವಳು ನಾನು

ಗಾರೆ ಮೇಸ್ತ್ರಿಯ ಹೆಂಡತಿ, ಕೆಲಸದ ಜಾಗದಲ್ಲಿ ಎಲ್ಲರೂ ಕರೆಯುವುದು ಗಾರೆ ಅಕ್ಕ ಎಂದು, ವಯಸ್ಸು 47 ವರ್ಷ, ಕಸುಬು ಕಟ್ಟಡದ ಕೆಲಸದಲ್ಲಿ ಗಾರೆ ಕಲಸಿ ಹೊತ್ತು ಕೊಡುವುದು, ವಾಸ ಕಟ್ಟಡದ ಹಿಂದಿನ ತಗಡಿನ ಮನೆಗಳ ಸಾಲಿನಲ್ಲಿ ನಾಲ್ಕನೆಯದು, ಆದ ನಾನು 14ನೇ ತಾರೀಕು ಶನಿವಾರ ಬೆಳಿಗ್ಗೆ 10-15ಕ್ಕೆ ಯಾರೂ ಕರೆಯದೆ, ಯಾರೂ ಹೆದರಿಸದೆ, ನಾನೇ ಠಾಣೆಗೆ ನಡೆದು ಬಂದು ಈ ಮೂಲಕ ತಿಳಿಸುವುದೇನೆಂದರೆ:

ಇದೇ ತಿಂಗಳ 10ನೇ ತಾರೀಕು ಮಂಗಳವಾರ ನನ್ನ ಗಂಡ ಸಾರುವೆಯ ಮೇಲಿಂದ, ಅಂದರೆ ಗೋಡೆಯ ಹೊರಗೆ ಕಂಬ ನಿಲ್ಲಿಸಿ ಹಲಗೆ ಹಾಸಿ ಕಟ್ಟಿದ ಅಟ್ಟಣೆಯ ಮೇಲಿಂದ, ಕೆಳಗೆ ಬಿದ್ದಿರುತ್ತಾರೆ. ಮರುದಿನ ಆಸ್ಪತ್ರೆಯಲ್ಲಿ ಇದೇ ಠಾಣೆಯವರ ಮುಂದೆ, ತಾನು ಕಾಲು ಜಾರಿ ಬಿದ್ದೆನೆಂದೂ ಯಾರ ಮೇಲೂ ದೂರು ಇಲ್ಲವೆಂದೂ ಹೇಳಿಕೆ ಕೊಟ್ಟಿರುತ್ತಾರೆ. ಆ ಹೇಳಿಕೆ ಸುಳ್ಳು. ನನ್ನ ಗಂಡ ಸುಳ್ಳು ಹೇಳುವ ಮನುಷ್ಯನಲ್ಲ. ಸಾರಿಗೆ ಉಪ್ಪು ಕಡಿಮೆಯಾದರೆ ನೆಂಟರ ಮುಂದೆಯೇ ಕಡಿಮೆ ಎನ್ನುವವರು. ಆದರೆ ಈ ಒಂದು ಸುಳ್ಳನ್ನು ಹೇಳಿದ್ದಾರೆ, ಅದನ್ನು ನಂಬಿಕೊಂಡು ಸೋಮವಾರ ಬೆಳಿಗ್ಗೆ 8 ಗಂಟೆಗೆ ಅದೇ ಸಾರುವೆಯ ಮೇಲೆ ಹನ್ನೊಂದು ಜನರನ್ನು ಹತ್ತಿಸಲಿದ್ದಾರೆ. ಅದನ್ನು ತಡೆಯಲು ಬಂದಿದ್ದೇನೆ.

ನನ್ನ ಗಂಡನಿಗೆ 54 ವರ್ಷ. ಗಾರೆ ಕೆಲಸದಲ್ಲಿ 31 ವರ್ಷ. ಈ 31 ವರ್ಷಗಳಲ್ಲಿ ಒಮ್ಮೆಯೂ ಅವರ ಕಾಲು ಜಾರಿಲ್ಲ. ಇದನ್ನು ಅವರು ದಿನಕ್ಕೆ ಎರಡು ಸಲವಾದರೂ ಹೇಳಿಕೊಳ್ಳುತ್ತಾರೆ; ಕ್ಷೌರದಂಗಡಿಯಲ್ಲಿ ಹೇಳುತ್ತಾರೆ, ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವರಿಗೂ ಹೇಳುತ್ತಾರೆ. ಮನೆಯ ನೆಲ ಒದ್ದೆಯಾಗಿದೆ, ನೋಡಿ ಬನ್ನಿ ಎಂದು ನಾನು ಎಚ್ಚರಿಸಿದರೆ, "ಯಾರ ಕಾಲಿಗೆ ಹೇಳ್ತಿದೀಯ ಅಂತ ಗೊತ್ತಾ?" ಎನ್ನುತ್ತಾರೆ. ಜಂಬದ ಕೋಳಿ ಎಂದು ನಾನು ಬೈಯುವುದುಂಟು. ಸಾರುವೆಯ ಮೇಲೆ ಅವರ ಜೊತೆಗಾರ ಒಬ್ಬನೇ. ಬಾಯಿಗೆ ಬಿಡುವೇ ಇಲ್ಲದ ಕಾರಣ ಎಲ್ಲರೂ ಅವನನ್ನು ರೇಡಿಯೋ ಎಂದು ಕರೆಯುತ್ತಾರೆ. ವಯಸ್ಸು 41. ನನ್ನ ಗಂಡನನ್ನು ಅಣ್ಣ ಎನ್ನುತ್ತಾನೆ, ನನ್ನನ್ನು ಅತ್ತಿಗೆ ಎನ್ನುತ್ತಾನೆ. ರಕ್ತಸಂಬಂಧವಿಲ್ಲ, ಹದಿನಾರು ವರ್ಷದಿಂದ ಮಧ್ಯಾಹ್ನದ ಊಟ ಮಾತ್ರ ನಮ್ಮ ಜೊತೆಗೇ.

ಮಂಗಳವಾರ ಬೆಳಿಗ್ಗೆ 8 ಗಂಟೆಗೆ ಕೆಲಸ ಶುರುವಾಯಿತು. 8-10ಕ್ಕೂ ಮತ್ತೆ 9-40ಕ್ಕೂ ಸೂಪರ್‌ವೈಸರ್ ಬಂದು, ಸಾರುವೆಯ ಕೆಳಗೆ ನಾನು ಜರಡಿ ಹಿಡಿದು ಹಾಕಿದ್ದ ಮರಳಿನ ಗುಡ್ಡೆಯನ್ನು ಅಲ್ಲಿಂದ ತೆಗೆಯಬೇಕೆಂದು ಹೇಳಿದರು. ಇರುವುದು ಎರಡು ಕೈ, ನಾಲ್ಕು ಕೆಲಸ ಆಗುವುದಿಲ್ಲ ಎಂದು ನಾನು ಎರಡು ಸಲವೂ ಹೇಳಿದೆನು. ಗುಡ್ಡೆಯನ್ನು ತೆಗೆಯಲಿಲ್ಲ. ನನ್ನ ಈ ಮೊಂಡುತನವನ್ನೂ ಬರೆದುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

10-30ಕ್ಕೆ ಟೀ ಕುಡಿದೆವು. 10-45ಕ್ಕೆ ನನ್ನ ಗಂಡ ಮತ್ತು ರೇಡಿಯೋ ಮೇಲೆ ಹತ್ತಿದರು. ಒಂದನೇ ಮಹಡಿಯ ಕಿಟಕಿಯ ಮೇಲೆ ಚಾಚಿದ ಸಜ್ಜಾದ ತಳಕ್ಕೆ ಗಾರೆ ಬಳಿಯುವುದು ಬಾಕಿ ಇತ್ತು. ಸಜ್ಜಾದ ತಳ ಕೈಗೆ ಸಿಗಬೇಕಾದರೆ ನಿಂತ ಹಲಗೆಯನ್ನು ಗೋಡೆಯ ಕಡೆಗೆ ಒಂದು ಗೇಣು ಸರಿಸಬೇಕು. ಸರಿಸಬೇಕಾದರೆ ಹಲಗೆಯ ಎರಡು ತುದಿಯ ತಂತಿಯನ್ನು ಬಿಚ್ಚಿ ಮತ್ತೆ ಕಟ್ಟಬೇಕು. ನನ್ನ ಗಂಡ ತಂತಿ ಬಿಚ್ಚಿ ಹಲಗೆ ಸರಿಸಿದರು. ಹಳೆಯ ತಂತಿ ತುಂಡಾಗಿದ್ದರಿಂದ ಹೊಸ ತಂತಿ ತರಲು 10-55ಕ್ಕೆ ಕೆಳಗಿಳಿದು ಸ್ಟೋರಿಗೆ ಹೋದರು. ಹೋಗುವಾಗ ತಮ್ಮ ಟವೆಲನ್ನು ಆ ಹಲಗೆಯ ಮೇಲೆ ನೇತು ಹಾಕಿದರು. ರೇಡಿಯೋ ಆ ಹೊತ್ತಿಗೆ ಕಟ್ಟಡದ ಇನ್ನೊಂದು ಮಗ್ಗುಲಿಗೆ ನೀರು ಕುಡಿಯಲು ಹೋಗಿದ್ದನು. ಸ್ಟೋರಿನವರು ಬೀಗ ಹಾಕಿಕೊಂಡು ಹೋಗಿದ್ದರಿಂದ ನನ್ನ ಗಂಡ ಅಲ್ಲಿ ಇಪ್ಪತ್ತು ನಿಮಿಷ ಕಾದರು.

11-05ಕ್ಕೆ ನಾನು ಬಾಂಡ್ಲಿಯಲ್ಲಿ ಗಾರೆ ಹೊತ್ತುಕೊಂಡು ಒಳಗಿನ ಮೆಟ್ಟಿಲಿನಿಂದ ಒಂದನೇ ಮಹಡಿಯ ಕೋಣೆಗೆ ಹೋದೆನು. ಕಿಟಕಿಯಲ್ಲಿ ಬಗ್ಗಿ ನೋಡಿದಾಗ ಹಲಗೆಯ ಮೇಲೆ ನನ್ನ ಗಂಡನ ಟವೆಲ್ ಗಾಳಿಗೆ ಹಾರಾಡುತ್ತಿತ್ತು. ಬಿಳಿ ಟವೆಲ್, ಹಸಿರು ಅಂಚು, ಒಂದು ಮೂಲೆಯಲ್ಲಿ ಇಸ್ತ್ರಿ ಪೆಟ್ಟಿಗೆ ಸುಟ್ಟ ಗುರುತು. ಸುಟ್ಟದ್ದು ನಾನೇ. ಕಿಟಕಿಯಿಂದ ಹಲಗೆಗೆ ಎರಡು ಅಡಿ. ಈ ಮರೆಗುಳಿ ಮತ್ತೆ ಬಿಟ್ಟು ಹೋಗಿದ್ದಾರೆ, ಗಾಳಿಗೆ ಹಾರಿಹೋದರೆ ಸಂಜೆ ನನ್ನ ತಲೆ ತಿನ್ನುತ್ತಾರೆ ಎಂದುಕೊಂಡು ಕೈ ಚಾಚಿ ಎಳೆದುಕೊಂಡೆನು. ಬೆವರು, ಸಿಮೆಂಟು ಸೇರಿ ನಾರುತ್ತಿತ್ತು. ಕೆಳಗೆ ತಂದು ನೀರಿನ ಪೀಪಾಯಿಯ ಪಕ್ಕದಲ್ಲಿ ಸೋಪು ಹಾಕಿ ಒಗೆದು, ಹಿಂಡಿ, ಗಾರೆ ಕಲಸುವ ಜಾಗದ ಹಗ್ಗದ ಮೇಲೆ ಹರವಿದೆನು. ಊಟಕ್ಕೆ ಕೂರುವ ಹೊತ್ತಿಗೆ ಒಣಗಿರುತ್ತದೆ, ಮುಖ ಒರೆಸಿಕೊಳ್ಳಲಿ ಎಂದಷ್ಟೇ ನನ್ನ ಮನಸ್ಸಿನಲ್ಲಿ ಇತ್ತು.

11-18ಕ್ಕೆ ನನ್ನ ಗಂಡ ತಂತಿಯ ಸುರುಳಿ ಹಿಡಿದು ಏಣಿ ಹತ್ತಿ ಹೋಗಿ ಆ ಹಲಗೆಯ ಮೇಲೆ ಕಾಲಿಟ್ಟರು. ಹಲಗೆಯ ಬಲತುದಿ ಅಡ್ಡಕಂಬದಿಂದ ಕಳಚಿಕೊಂಡಿತು. ನಾನು ಅದನ್ನು ಕಣ್ಣಾರೆ ಕಂಡೆನು. ಕೈಯಲ್ಲಿ ಸಲಿಕೆ ಇತ್ತು. ಅದನ್ನು ಬಿಸಾಡಿ ಓಡಿದೆನು. ಅವರು ನಾನು ತೆಗೆಯದೆ ಬಿಟ್ಟಿದ್ದ ಮರಳಿನ ಗುಡ್ಡೆಯ ಅಂಚಿಗೆ ಬಿದ್ದರು. ಅಳತೆ ಮಾಡಿದಾಗ ಎತ್ತರ ಹನ್ನೆರಡು ಅಡಿ ನಾಲ್ಕು ಇಂಚು. ಬಲಗಾಲಿನ ಮೂಳೆ ಎರಡು ಕಡೆ ಮುರಿದಿದೆ, ಎಡಗೈ ಮಣಿಕಟ್ಟು ಮುರಿದಿದೆ. ತಲೆ ಮರಳಿನ ಮೇಲೆ ಬಿದ್ದದ್ದರಿಂದ ಅದಕ್ಕೆ ಏನೂ ಆಗಿಲ್ಲ. ಬಿದ್ದವರೇ ಮೊದಲು ಮಾತಾಡಿದರು; ಬಾಯಲ್ಲಿದ್ದ ಮರಳು ಉಗಿದು, "ಅಳಬೇಡ್ವೇ, ಮರಳಿಗೆ ಕಣ್ಣೀರು ಬಿದ್ರೆ ಗಾರೆ ನಿಲ್ಲಲ್ಲ" ಎಂದರು. ಅಷ್ಟು ಹೇಳಿ ಎಚ್ಚರ ತಪ್ಪಿದರು. ಮರಳಿನ ಗಾಡಿಯಲ್ಲೇ ಮಲಗಿಸಿಕೊಂಡು ಹೋಗಿ 11-50ಕ್ಕೆ ಆಸ್ಪತ್ರೆ ಸೇರಿದೆವು.

ಮರುದಿನ ಬುಧವಾರ 9-30ಕ್ಕೆ ನಾನು ಅವರ ಮುಖ ಒರೆಸಲು ಬಟ್ಟೆ ಚೀಲದಿಂದ ಆ ಟವೆಲನ್ನು ತೆಗೆದೆನು. ಅವರು ಅದನ್ನು ನೋಡಿ, ಇದು ನಿನಗೆ ಎಲ್ಲಿ ಸಿಕ್ಕಿತು ಎಂದು ಕೇಳಿದರು. ಹಲಗೆಯ ಮೇಲೆ ಬಿಟ್ಟು ಹೋಗಿದ್ದಿರಲ್ಲ, ಒಗೆದಿಟ್ಟೆ ಎಂದು ಹೇಳಿದೆನು. ಅವರು ಅದನ್ನು ನನ್ನ ಕೈಯಿಂದ ತೆಗೆದುಕೊಂಡರು. ಟವೆಲಿನ ಅಂಚನ್ನು ಬೆರಳಲ್ಲಿ ತಿರುಗಿಸುತ್ತಾ ಇದ್ದರು. ಸ್ವಲ್ಪ ಹೊತ್ತಿಗೆ ತಮಗೆ ಟೀ ಬೇಕು, ಹೊರಗಿನ ಅಂಗಡಿಯದೇ ಬೇಕು ಎಂದು ಹಟ ಹಿಡಿದರು. ಅಂಗಡಿ ಆಸ್ಪತ್ರೆಯ ಗೇಟಿನಿಂದ ಇನ್ನೂರು ಹೆಜ್ಜೆ. ನಾನು ಹೋಗಿ ಬರುವಷ್ಟರಲ್ಲಿ ಈ ಠಾಣೆಯವರು ಬಂದು ಅವರ ಹೇಳಿಕೆ ಪಡೆದು ಹೋಗಿದ್ದರು. ಏನು ಹೇಳಿದಿರಿ ಎಂದು ಕೇಳಿದ್ದಕ್ಕೆ, "ಏನಿಲ್ಲ ಕಣೇ, ಕಾಲು ಜಾರ್ತು ಅಂದೆ" ಎಂದರು. ಆ ಮನುಷ್ಯನ ಬಾಯಲ್ಲಿ ಆ ಮಾತು ಬರುತ್ತದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ನೋವಿನ ಮದ್ದಿನ ಅಮಲು ಇರಬೇಕು ಎಂದುಕೊಂಡೆನು.

ಗುರುವಾರ 12ನೇ ತಾರೀಕು ಬೆಳಿಗ್ಗೆ 10 ಗಂಟೆಗೆ ಕೆಲಸದ ಜಾಗಕ್ಕೆ ಅಪಘಾತದ ತನಿಖೆ ಮಾಡುವ ಮೇಡಂ ಒಬ್ಬರು ಬಂದರು. ಕೈಯಲ್ಲಿ ಅಳತೆಯ ಟೇಪು, ಕತ್ತಿನಲ್ಲಿ ಕನ್ನಡಕ. ಕೆಲಸದವರೆಲ್ಲ ಅವರಿಗೆ ಅರ್ಧ ಗಂಟೆಯಲ್ಲೇ ಟೇಪಮ್ಮ ಎಂದು ಹೆಸರಿಟ್ಟರು. ಸೂಪರ್‌ವೈಸರ್ ಅವರ ಹಿಂದೆಯೇ ಸುತ್ತುತ್ತಾ, ಬಿದ್ದವನೇ ಕಾಲು ಜಾರಿತು ಎಂದು ಪೊಲೀಸರಿಗೆ ಬರೆಸಿದ್ದಾನೆ, ಇನ್ನೇನು ತನಿಖೆ, "ಎಚ್ಚರಿಕೆಯಿಂದ ನಡೆಯಿರಿ" ಅಂತ ಒಂದು ಬೋರ್ಡು ಬರೆಸಿ ಹಾಕಿಸುತ್ತೇನೆ, ಸೋಮವಾರ ಕೆಲಸ ಶುರು ಮಾಡುತ್ತೇವೆ ಎಂದು ಹೇಳುತ್ತಿದ್ದರು. ಟೇಪಮ್ಮ ಏಣಿಯ ಬುಡಕ್ಕೆ ಟೇಪು ಹಿಡಿದರು. ಅಳೆಯುತ್ತಲೇ ಇದ್ದರು.

11-40ಕ್ಕೆ ಅವರು ರೇಡಿಯೋನನ್ನು ಕರೆದು ಕೇಳಿದರು. ನಾನು ಎಂಟು ಅಡಿ ದೂರದಲ್ಲಿ ನಿಂತಿದ್ದೆನು. ಮಂಗಳವಾರದಿಂದ ರೇಡಿಯೋ ಯಾರೊಂದಿಗೂ ಒಂದು ಮಾತು ಆಡಿರಲಿಲ್ಲ. ಊಟದ ಡಬ್ಬಿ ಕೊಟ್ಟರೆ ಹಾಗೆಯೇ ವಾಪಸು ಬರುತ್ತಿತ್ತು. ಅಂದು ಅವನು ನೆಲ ನೋಡುತ್ತಾ ಹೇಳಿದ್ದೇನೆಂದರೆ, ತನಗೂ ಅಣ್ಣನಿಗೂ ಒಂದು ಪದ್ಧತಿ ಇದೆ; ಯಾರು ಹಲಗೆ ಬಿಚ್ಚುತ್ತಾರೋ ಅವರು ತಮ್ಮ ಟವೆಲನ್ನು ಅದರ ಮೇಲೆ ಹಾಕಿ ಹೋಗಬೇಕು, ಅಂದರೆ ಬಿಚ್ಚಿದೆ, ಕಾಲಿಡಬೇಡ ಎಂದು ಅರ್ಥ. ಇಬ್ಬರಲ್ಲಿ ಯಾರೇ ಆಗಲಿ ತಂತಿ ಕಟ್ಟಿದವರು ಟವೆಲ್ ತೆಗೆದು ಇನ್ನೊಬ್ಬರ ಹೆಗಲಿಗೆ ಎಸೆಯಬೇಕು. ಟವೆಲ್ ಇಲ್ಲ ಎಂದರೆ ಹಲಗೆ ಕಟ್ಟಿದೆ ಎಂದು ಲೆಕ್ಕ. ಅವತ್ತು ಅಣ್ಣ ಬಂದಾಗ ಟವೆಲ್ ಇರಲಿಲ್ಲ, ತಾನು ಬೇರೆ ತಂತಿ ಹುಡುಕಿ ಕಟ್ಟಿದ್ದೇನೆಂದು ನಂಬಿ ಅಣ್ಣ ಕಾಲಿಟ್ಟಿದ್ದಾರೆ. ಈ ಪದ್ಧತಿ ಗೊತ್ತಿರುವವರು ತಾವಿಬ್ಬರೇ. ಅಂದಮೇಲೆ ತೆಗೆದವನು ತಾನೇ ಇರಬೇಕು. ನೆನಪಿಲ್ಲ, ಆದರೆ ಹದಿನಾರು ವರ್ಷದ ಅಭ್ಯಾಸ, ಕೈ ತಾನಾಗಿಯೇ ತೆಗೆದಿರುತ್ತದೆ. ಇಷ್ಟು ಹೇಳಿ ಅವನು, "ಅಣ್ಣನ್ನ ಬೀಳಿಸಿದ್ದು ನಾನೇ, ನನ್ನ ಹೆಸರು ಬರ್ಕೊಳ್ಳಿ ಮೇಡಂ" ಎಂದು ಅತ್ತನು. ಅದೇ ಟವೆಲ್ ಆ ಹೊತ್ತಿನಲ್ಲಿ ನನ್ನ ಸೊಂಟದಲ್ಲಿತ್ತು. ನಾನು ಬಾಯಿ ಬಿಡಲಿಲ್ಲ. ಇದನ್ನು ಬರೆಸಲು ನಾಚಿಕೆಯಾಗುತ್ತದೆ, ಆದರೂ ಬರೆಸುತ್ತಿದ್ದೇನೆ.

12-20ಕ್ಕೆ ಟೇಪಮ್ಮ ಗಾರೆ ಕಲಸುವ ಜಾಗಕ್ಕೆ ಬಂದು ನನ್ನ ಪಕ್ಕದಲ್ಲಿ ಇಟ್ಟಿಗೆಯ ಮೇಲೆ ಕುಳಿತರು. ಹಲಗೆಗೆ ಟವೆಲ್ ಯಾಕೆ ಹಾಕುತ್ತಾರೆ ಎಂದು ಕೇಳಿದರು. ಕೆಂಪು ಬೋರ್ಡು ಇಲ್ಲವಲ್ಲ, ಅದಕ್ಕೆ ಎಂದೆನು. ಬೋರ್ಡು ಯಾಕೆ ಇಲ್ಲ ಎಂದರು. "ಹತ್ತಬಾರದು" ಎಂದು ಬರೆದ ಹನ್ನೆರಡು ಬೋರ್ಡು ಇವೆ, ಸ್ಟೋರಿನಲ್ಲಿ ಇವೆ ಎಂದೆನು. ಸ್ಟೋರಿನಲ್ಲಿ ಯಾಕೆ ಎಂದರು. ಬಿಸಿಲಿಗೆ ಬಣ್ಣ ಮಾಸುತ್ತದಂತೆ, ದೊಡ್ಡವರು ನೋಡಲು ಬರುವ ದಿನ ಮಾತ್ರ ಹೊರಗೆ ತೆಗೆಯುತ್ತಾರೆ ಎಂದೆನು. ಹಾಗಾದರೆ ಟವೆಲಿನ ಸಂಗತಿಯನ್ನು ಉಳಿದವರಿಗೆ ಯಾಕೆ ಹೇಳಿಲ್ಲ ಎಂದರು. ನನಗೆ ರೇಗಿತು. "ಯಾಕೆ ಯಾಕೆ ಅಂತ ಎಷ್ಟು ಸಲ ಕೇಳ್ತೀರಿ, ಮೂರು ವರ್ಷದ ಮಗು ಥರ!" ಎಂದುಬಿಟ್ಟೆನು. ಅವರಿಗೆ ಸಿಟ್ಟು ಬರಲಿಲ್ಲ. ನನ್ನ ಸೊಂಟದ ಕಡೆ ನೋಡಿ, ಹಸಿರು ಅಂಚು ಚೆನ್ನಾಗಿದೆ ಎಂದರು.

ಆಗ ನಾನು ಎಲ್ಲವನ್ನೂ ಹೇಳಿದೆನು. ಹೇಳಿ, ನನ್ನನ್ನು ಹಿಡಿದುಕೊಡಿ, ರೇಡಿಯೋನನ್ನು ಬಿಡಿ ಎಂದೆನು. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಬೇಕು: "ನಾನು ಕಳ್ಳರನ್ನ ಹುಡುಕೋಕೆ ಬಂದಿಲ್ಲಮ್ಮ, ತೂತು ಹುಡುಕೋಕೆ ಬಂದಿದೀನಿ. ಕೊಡ ಸೋರ್ತಿದ್ರೆ ನೀರು ಹೊತ್ತವಳನ್ನ ಬೈದ್ರೆ ಸೋರೋದು ನಿಲ್ಲುತ್ತಾ? ಅವನು ನಂದು ತಪ್ಪು ಅಂತಾನೆ, ನೀವು ನಂದು ಅಂತೀರಿ, ನಿಮ್ಮ ಯಜಮಾನರು ಕಾಲು ಜಾರ್ತು ಅಂತಾರೆ. ಮೂರು ಜನಾನೂ ಒಳ್ಳೆಯವರೇ. ನಾಳೆ ಇನ್ಯಾರೋ ಬೀಳ್ತಾರೆ." ಅವರು ಎದ್ದು ಸಾರುವೆಯ ಮೇಲಿನ ಹಂತಗಳನ್ನು ಹತ್ತಿ ನೋಡಿ ಬಂದರು. ಎರಡನೇ ಮಹಡಿಯ ಒಂದು ಹಲಗೆಯ ಮೇಲೆ ಹರಿದ ಬನಿಯನ್ ಇತ್ತು. ಮೂರನೇ ಮಹಡಿಯಲ್ಲಿ ಒಂದು ಕಾಲುಚೀಲ, ಒಂದೇ. ಅವು ಯಾರವು, ಏನು ಅರ್ಥ ಎಂದು ಕೆಳಗೆ ನಿಂತಿದ್ದ ಎಲ್ಲರನ್ನೂ ಕೇಳಿದರು. ಬಣ್ಣದವರು ಕಾಲುಚೀಲವೆಂದರೆ ಮೇಲೆ ಬಣ್ಣ ಹಸಿಯಿದೆ ಎಂದು ಅರ್ಥ ಎಂದರು. ಕಂಬ ಕಟ್ಟುವವರು ಹಾಗಲ್ಲ, ಅಡ್ಡಕಂಬ ಸಡಿಲವಿದೆ ಎಂದು ಅರ್ಥ ಎಂದರು. ಬನಿಯನ್ ಯಾರದೆಂದು ಯಾರಿಗೂ ಗೊತ್ತಿರಲಿಲ್ಲ. ಸೂಪರ್‌ವೈಸರ್ ಬೆವರು ಒರೆಸಿಕೊಂಡರು.

ಪೊಲೀಸ್ ಹೇಳಿಕೆಯಲ್ಲಿ ಕಾಲು ಜಾರಿತು ಎಂದಿರುವವರೆಗೆ ಕಂಪನಿಯವರು ಅದನ್ನೇ ಹಿಡಿದುಕೊಳ್ಳುತ್ತಾರೆ, ನಡೆದದ್ದು ನಡೆದ ಹಾಗೆ ದಾಖಲಾದರೆ ಮಾತ್ರ ಸಾರುವೆ ಮುಚ್ಚಿಸಲು ತನಗೆ ಬಲ ಬರುತ್ತದೆ ಎಂದು ಟೇಪಮ್ಮ ಹೋಗುವಾಗ ಹೇಳಿದರು. ಒತ್ತಾಯ ಮಾಡಲಿಲ್ಲ.

ಶುಕ್ರವಾರ 13ನೇ ತಾರೀಕು ಸಂಜೆ 5 ಗಂಟೆಗೆ ನಾನು ಆಸ್ಪತ್ರೆಗೆ ಹೋಗಿ ಗಂಡನ ಜೊತೆ ಜಗಳವಾಡಿದೆನು. ಪಕ್ಕದ ಹಾಸಿಗೆಯವರು ಸಾಕ್ಷಿ. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಸೀನು ಬಂದರೂ ಕರೆದು ಹೇಳುವ ಮನುಷ್ಯ, ಬಿಚ್ಚಿದ ಹಲಗೆಗೆ ಟವೆಲ್ ಹಾಕಿ ಓಡಾಡುತ್ತೀರಿ ಎಂಬುದನ್ನು ಒಂದು ದಿನವಾದರೂ ಹೇಳಿದಿರಾ ಎಂದು ಕೇಳಿದೆನು.

"ಹೇಳಿದ್ರೆ ನೀನು ಹತ್ತೋಕೆ ಬಿಡ್ತಿದ್ಯಾ?" ಎಂದರು.

"ಖಂಡಿತ ಬಿಡ್ತಿರಲಿಲ್ಲ."

"ಅದಕ್ಕೇ ಹೇಳಿಲ್ಲ. ನೀನು ರಾತ್ರಿಯೆಲ್ಲಾ ನಿದ್ದೆ ಕೆಡ್ತೀಯ ಅಂತ."

ನನ್ನ ನಿದ್ದೆ ಕಾಯಲು ಹೋಗಿ ಅವರು ಹೇಳಲಿಲ್ಲ. ಅವರ ಮುಖ ಒರೆಸಲು ಹೋಗಿ ನಾನು ತೆಗೆದೆ. ಹೀಗಾಗಿದೆ ನಮ್ಮ ಸಂಗತಿ. ಕಾಲು ಜಾರಿತು ಎಂದು ಯಾಕೆ ಬರೆಸಿದಿರಿ ಎಂದು ಕೇಳಿದೆನು. ಪೊಲೀಸರ ಪುಸ್ತಕದಲ್ಲಿ ನಿನ್ನ ಹೆಸರು ಬರುವುದು ಬೇಡವೆಂದು ಬರೆಸಿದೆ ಎಂದರು. ಟವೆಲ್ ನೋಡಿದ ತಕ್ಷಣ ತಿಳಿಯಿತಂತೆ. ನಿಮ್ಮ ಜಂಬ ಎಲ್ಲಿ ಹೋಯಿತು, 31 ವರ್ಷದ ಕಾಲಿಗೆ ಈ ಹೆಸರು ತಂದುಕೊಂಡಿರಲ್ಲ ಎಂದೆನು. "ಕಾಲು ಹೋದ್ರೆ ಹೋಗ್ಲಿ ಬಿಡು, ಹೇಗೂ ಮುರಿದಿದೆ" ಎಂದು ನಕ್ಕರು. ನಾನು ನಗಲಿಲ್ಲ. ಅತ್ತುಬಿಟ್ಟೆನು. ಅವರು ಒಳ್ಳೆಯ ಕೈಯಿಂದ ನನ್ನ ತಲೆ ಸವರಿದರು.

ಆಮೇಲೆ ರೇಡಿಯೋನ ಸಂಗತಿ ಹೇಳಿದೆನು. ಅದು ಅವರಿಗೆ ಗೊತ್ತಿರಲಿಲ್ಲ. ಅವನು ನಾಲ್ಕು ದಿನದಿಂದ ಮಾತಾಡಿಲ್ಲ ಎಂದಾಗ, "ಯಾರು? ರೇಡಿಯೋನಾ?" ಎಂದು ಹಾಸಿಗೆಯಿಂದ ಏಳಲು ಹೋದರು, ನರ್ಸ್ ಓಡಿ ಬಂದು ಬೈದು ಮಲಗಿಸಿದರು. ಹೋಗು, ಮೊದಲು ಅವನಿಗೆ ಹೇಳು, ಆಮೇಲೆ ಠಾಣೆಗೆ ಹೋಗಿ ಎಲ್ಲಾ ಬರೆಸು ಎಂದರು. ನಾನು ಬಾಗಿಲು ದಾಟುವಾಗ ಮತ್ತೆ ಕರೆದರು. ಸಣ್ಣ ದನಿಯಲ್ಲಿ, "ಹಾಗಾದ್ರೆ... ಕಾಲು ಜಾರಿಲ್ಲ ಅಂತಾನೂ ಬರೆಸ್ತೀಯಾ?" ಎಂದು ಕೇಳಿದರು. ಮೊದಲು ಅದನ್ನೇ ಬರೆಸುತ್ತೇನೆ ಎಂದು ಹೇಳಿ ಬಂದೆನು.

ಇಂದು ಬೆಳಿಗ್ಗೆ 8 ಗಂಟೆಗೆ ರೇಡಿಯೋನ ಮನೆಗೆ ಹೋಗಿ ಟವೆಲನ್ನು ಅವನ ಕೈಗಿಟ್ಟು, ತೆಗೆದವಳು ನಾನು ಕಣಪ್ಪ ಎಂದು ಹೇಳಿದೆನು. ಅವನು ಟವೆಲನ್ನು ಮುಖಕ್ಕೆ ಒತ್ತಿಕೊಂಡನು. ಬೈದರೆ ಬೈಯಲಿ ಎಂದು ನಿಂತಿದ್ದೆನು. ತಲೆ ಎತ್ತಿ, "ಅತ್ತಿಗೆ, ಇದನ್ನ ಯಾವ ಸೋಪಲ್ಲಿ ಒಗೆದ್ರಿ? ಅಣ್ಣನ ವಾಸನೆನೇ ಹೋಗಿದೆ" ಎಂದನು. ಅಲ್ಲಿಂದ ಶುರುವಾದ ಬಾಯಿ ಠಾಣೆಯವರೆಗಿನ ಒಂದೂವರೆ ಮೈಲಿಯಲ್ಲಿ ಒಂದು ಕಡೆಯೂ ನಿಲ್ಲಲಿಲ್ಲ. ಈಗ ಹೊರಗಿನ ಬೆಂಚಿನ ಮೇಲೆ ಪಹರೆಯವರಿಗೆ ಗಾರೆಯ ಹದ ಹೇಳಿಕೊಡುತ್ತಿರುವ ಧ್ವನಿ ಅವನದೇ. ಅವನ ಮೇಲೆ ಯಾವ ಅನುಮಾನವೂ ಇರಬಾರದು.

ನನ್ನಿಂದ ಆದ ತಪ್ಪಿಗೆ ಕಾನೂನಿನಲ್ಲಿ ಏನಿದೆಯೋ ಅದಾಗಲಿ ಎಂದು ಹೇಳಿದ್ದೇನೆ. ಅದನ್ನು ಸಾಹೇಬರು ಆಮೇಲೆ ತೀರ್ಮಾನಿಸುತ್ತಾರೆ ಎಂದು ಬರೆದುಕೊಳ್ಳುತ್ತಿರುವ ಪೇದೆಯವರು ತಿಳಿಸಿದರು. ಈ ಹೇಳಿಕೆಯ ಒಂದು ಪ್ರತಿಯನ್ನು ನನ್ನ ಕೈಗೇ ಕೊಟ್ಟರೆ ಮಧ್ಯಾಹ್ನ 1 ಗಂಟೆಯೊಳಗೆ ಟೇಪಮ್ಮನವರ ಕಚೇರಿಗೆ ಮುಟ್ಟಿಸುತ್ತೇನೆ. ನಾಳೆ ಭಾನುವಾರ, ತಡವಾದರೆ ಸೋಮವಾರ 8 ಗಂಟೆ ಆಗಿಹೋಗುತ್ತದೆ. ಕೊಡಲು ಒಪ್ಪಿದ್ದಾರೆ. ಸದರಿ ಟವೆಲನ್ನು ಸಾಕ್ಷಿಗಾಗಿ ಠಾಣೆಗೆ ಒಪ್ಪಿಸಿದ್ದೇನೆ. ಪೇದೆಯವರು ಅದನ್ನು ಪಡೆದು ತಮ್ಮ ಕುರ್ಚಿಯ ಬೆನ್ನಿಗೆ ನೇತು ಹಾಕಿದರು. ಅಲ್ಲಿ ಹಾಕಬೇಡಿ, ಮಡಿಸಿ ಚೀಟಿ ಬರೆದು ಬೀರುವಿನಲ್ಲಿಡಿ ಎಂದು ಕೇಳಿಕೊಂಡೆನು, ಹಾಗೆಯೇ ಮಾಡಿದರು.

ಮೇಲೆ ಬರೆದದ್ದನ್ನು ನನಗೆ ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿದರು. ನಾನು ಕಂಡದ್ದು, ಮಾಡಿದ್ದು, ಕೇಳಿದ್ದು ಇಷ್ಟೇ. ಇದರಲ್ಲಿ ಸುಳ್ಳಿಲ್ಲ, ಮುಚ್ಚಿಟ್ಟದ್ದೂ ಇಲ್ಲ.

ತಿದ್ದುಪಡಿ: ಮೊದಲನೇ ಪುಟದ ತಲೆಬರಹದಲ್ಲಿ ಪೇದೆಯವರು ರೂಢಿಯಂತೆ "ಗಾರೆ ಮೇಸ್ತ್ರಿ ಕಾಲು ಜಾರಿ ಬಿದ್ದ ಪ್ರಕರಣ" ಎಂದು ಬರೆದಿದ್ದರು. ಓದಿ ಹೇಳುವಾಗ ನಾನು ತಡೆದು, ಅದನ್ನು ಹೊಡೆದು ಹಾಕಿಸಿ, "ಕಟ್ಟದ ಹಲಗೆ ಕಳಚಿ ಗಾರೆ ಮೇಸ್ತ್ರಿ ಬಿದ್ದ ಪ್ರಕರಣ, ಕಾಲು ಜಾರಿಲ್ಲ" ಎಂದು ಬರೆಸಿರುತ್ತೇನೆ. ತಿದ್ದಿದ ಜಾಗದ ಪಕ್ಕದಲ್ಲಿ ನನ್ನ ಸಹಿ ಇದೆ.

ಸ್ಥಳ: ಠಾಣೆಯ ಬರವಣಿಗೆಯ ಕೋಣೆ
ತಾರೀಕು: 14, ಶನಿವಾರ, ಬೆಳಿಗ್ಗೆ 11-50
ಸಹಿ: ಗಾರೆ ಮೇಸ್ತ್ರಿಯ ಹೆಂಡತಿ